ಬೇಟೆಗಾರನಿಗೇ ಬಿಸಿ

ಸಿಲ್ವರ್ ಓಕ್ ಮರದಲ್ಲಿ ಕಾಜಾಣ ಗೂಡು ಕಟ್ಟಿತೆಂದರೆ ಸುತ್ತಲಿನ ಆಕಾಶವೆಲ್ಲ ಅದಕ್ಕೆ ಜಮ್ಮಾ ಆಸ್ತಿ, ಕೊಡಗಿನ ವಂಶಪಾರಂಪರ್ಯದ ಜಮೀನಿನ ಹಾಗೆ. ಕಾಗೆಯಾಗಲಿ, ಹದ್ದಾಗಲಿ, ಆ ಗಡಿ ದಾಟಿದರೆ ಕೆಟ್ಟಿತು; ಹಿಡಿಯಷ್ಟೂ ಇಲ್ಲದ ಕರಿಹಕ್ಕಿ ಮೇಲಿನಿಂದ ಎರಗಿ ಹದ್ದಿನ ಬೆನ್ನಿಗೇ ಕುಕ್ಕುತ್ತದೆ. ಬೆಳವ, ಹೊನ್ನಕ್ಕಿಗಳು ಇದನ್ನು ನೋಡಿಕೊಂಡೇ ಕಾಜಾಣದ ನೆರೆಯಲ್ಲಿ ಸಂಸಾರ ಹೂಡುತ್ತವೆ. ಕಾವಲು ಪುಕ್ಕಟೆ, ಗಲಾಟೆ ಸಹಿಸಿಕೊಂಡರಾಯಿತು.

ಹದ್ದು ಒಂದು ಸಲ ತಿರುಗಿ ಉಗುರು ಚಾಚಿದರೆ ಕಾಜಾಣ ಉಳಿದೀತೆ? ಆದರೂ ಹದ್ದು ಸುಮ್ಮನೆ ಸರಿದುಹೋಗುತ್ತದೆ. ಅದು ಹೆದರಿಕೆಯಲ್ಲ, ಲೆಕ್ಕಾಚಾರ ಎಂದೇ ನನ್ನ ಗುಮಾನಿ. ಬೇಟೆಯಾಡಿ ಬದುಕುವವರಿಗೆ ಕಾಡಿನಲ್ಲಿ ಮೆಡಿಕಲ್ ಲೀವ್ ಇಲ್ಲ. ರೆಕ್ಕೆಗೋ ಹಲ್ಲಿಗೋ ಪೆಟ್ಟಾದರೆ ನಾಳೆಯಿಂದ ಉಪವಾಸ. ನಾಗರಹೊಳೆಯ ಹುಲಿ ಕಾಟಿಯನ್ನೂ (ಕಾಡುಕೋಣ) ಕೆಡವುತ್ತದೆ, ನಿಜ. ಆದರೆ ಒಂದು ಟನ್ನಿನ ಹತ್ತಿರ ತೂಗುವ ಗಂಡು ಕಾಟಿ ಕೊಂಬು ತಗ್ಗಿಸಿ ಎದುರು ನಿಂತಾಗ ಹುಲಿರಾಯನಿಗೂ ಬೇರೆ ಕಡೆ ಏನೋ ಕೆಲಸ ನೆನಪಾಗುವುದುಂಟು.

ಲೆಕ್ಕ ತಪ್ಪಿದವರ ಗತಿ ಮುಳ್ಳುಹಂದಿಯನ್ನು ಕೇಳಬೇಕು. ಅದು ಮುಳ್ಳನ್ನು ಬಾಣ ಬಿಟ್ಟ ಹಾಗೆ ಎಸೆಯುತ್ತದೆ ಎಂದು ಆಣೆ ಇಟ್ಟು ಹೇಳುವವರು ಈಗಲೂ ಇದ್ದಾರೆ. ಎಸೆಯುವುದಿಲ್ಲ, ಬೆನ್ನು ತಿರುಗಿಸಿ, ಹಿಮ್ಮುಖವಾಗಿ ನುಗ್ಗಿ ಚುಚ್ಚುತ್ತದೆ. ಜಿಮ್ ಕಾರ್ಬೆಟ್ ಕುಮಾವೂಂನಲ್ಲಿ ಕೊಂದ ಮುಕ್ತೇಶ್ವರದ ಹೆಣ್ಣುಹುಲಿ ಇಂಥದೊಂದು ಮುಳ್ಳುಹಂದಿಯ ತಂಟೆಗೆ ಹೋಗಿ ಒಂದು ಕಣ್ಣು ಕಳೆದುಕೊಂಡಿತ್ತು, ಮುಂಗಾಲಿನಲ್ಲಿ ಸುಮಾರು 50 ಮುಳ್ಳು ಹೊತ್ತುಕೊಂಡಿತ್ತು. ನರಭಕ್ಷಕಿಯಾದದ್ದು ಆಮೇಲೆ. ಮುಳ್ಳುಹಂದಿಯ ಸಿಟ್ಟಿಗೆ ದಂಡ ತೆತ್ತವರು ಊರ ಜನ.

ಇವರೆಲ್ಲ ಬೇಟೆಗಾರನ ಲಾಭಕ್ಕೆ ಕಲ್ಲು ಹಾಕುವವರು, ಅಷ್ಟೆ. ಪೂರ್ತಿ ಲೆಕ್ಕ ಚುಕ್ತಾ ಮಾಡುವುದು ಜೇನು. ಹೆಜ್ಜೇನಿನದು ಬರೀ ಬೆದರಿಕೆ: ಕಣಜದ ಹುಳ ಹತ್ತಿರ ಸುಳಿದರೆ ಹುಟ್ಟಿನ ಮೇಲಿನ ನೊಣಗಳು ಒಂದರ ಹಿಂದೊಂದು ಹಿಂಭಾಗ ಎತ್ತಿ ಅಲೆ ಎಬ್ಬಿಸುತ್ತವೆ, ಬಂದವನು ಕಕ್ಕಾಬಿಕ್ಕಿಯಾಗಿ ಹಿಂದೆ ಸರಿಯುತ್ತಾನೆ. ನಾವು ಪೆಟ್ಟಿಗೆಯಲ್ಲಿ ಸಾಕುವ ತುಡುವೆ ನೋಡಲು ಸಾಧು. ಹೂಮಳೆ ಬಿದ್ದು ಕಾಫಿ ಅರಳಿದಾಗ ತನ್ನ ಪಾಡಿಗೆ ದುಡಿದುಕೊಂಡಿರುತ್ತದೆ. ಅದೇ ತುಡುವೆಯ ಬಾಗಿಲಿಗೆ ಕಣಜ ಬಂತೋ, ನೂರಾರು ನೊಣಗಳು ಅದನ್ನು ಮುತ್ತಿ ಉಂಡೆ ಕಟ್ಟಿಬಿಡುತ್ತವೆ. ಚುಚ್ಚುವ ಗೋಜಿಗೆ ಹೋಗುವುದಿಲ್ಲ. ರೆಕ್ಕೆ ಬಡಿಯದೆ ರೆಕ್ಕೆಯ ಸ್ನಾಯುಗಳನ್ನು ಮಾತ್ರ ನಡುಗಿಸಿ ಕಾವು ಹುಟ್ಟಿಸುತ್ತವೆ. ಉಂಡೆಯ ನಡುವೆ 46 ಡಿಗ್ರಿಯ ಸುಮಾರಿಗೆ ಶಾಖ ಏರುತ್ತದೆ, ಕಣಜ ಬದುಕಿದ್ದಂತೆಯೇ ಬೇಯುತ್ತದೆ. ಜೇನು ಅದಕ್ಕಿಂತ ಎರಡು-ಮೂರು ಡಿಗ್ರಿ ಜಾಸ್ತಿ ತಾಳಬಲ್ಲದು; ಅಷ್ಟು ಕಿರಿದಾದ ಅಂತರದಲ್ಲಿ ಪ್ರಾಣ ಪಣಕ್ಕಿಟ್ಟು ಈ ಅಡುಗೆ! ಜಪಾನಿನ ವಿಜ್ಞಾನಿಗಳು ತಮ್ಮ ನಾಡಿನ ತುಡುವೆಯಲ್ಲಿ ಇದನ್ನು ಅಳೆದು 1995ರಲ್ಲಿ ಪ್ರಕಟಿಸಿದರು. ತಿನ್ನಲು ಬಂದವನನ್ನೇ ಬೇಯಿಸುವ ಧೈರ್ಯ ಕಾಟಿಗೂ ಇಲ್ಲ.

ಕೊಡಗಿನಲ್ಲಿ ಕೂತು ಬೇಟೆಗಾರರ ಫಜೀತಿ ಹೇಳುವಾಗ ನಮ್ಮನ್ನು ನಾವು ಬಿಟ್ಟುಕೊಂಡರೆ ಹೇಗೆ? 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಕೋವಿ ಗೋಡೆ ಹಿಡಿದಿದೆ. ಕೋವಿಗೆ ಲೈಸೆನ್ಸಿನ ವಿನಾಯಿತಿ ಉಂಟು, ಕಾಡುಹಂದಿಗೆ ಗುರಿಯಿಡುವ ಹಾಗಿಲ್ಲ. ಹಂದಿಗೆ ಈ ಕಾನೂನು ಯಾರು ಓದಿ ಹೇಳಿದರೋ, ರಾತ್ರಿಯಿಡೀ ಗದ್ದೆಯಲ್ಲಿ ಅದರದ್ದೇ ಉಳುಮೆ. ಆನೆ ಹಲಸಿನ ಹಣ್ಣಿಗೆ ಅಂಗಳಕ್ಕೇ ಬರುತ್ತದೆ. ಕತ್ತಲಾಗುವ ಮುಂಚೆ ಒಳಗೆ ಸೇರಿ ಅಗಳಿ ಹಾಕಿಕೊಳ್ಳುವವರು ಬೇಟೆಗಾರರ ಮೊಮ್ಮಕ್ಕಳು. ಕೈಲ್ ಪೊಳ್ದ್ ಎಂಬ ನಮ್ಮ ಆಯುಧಪೂಜೆಯ ಹಬ್ಬಕ್ಕೆ ಮಾತ್ರ ಕೋವಿ ಇಳಿಸಿ, ಒರೆಸಿ, ನಳಿಗೆಗೆ ಕೋವಿಹೂವಾದ ತೋಕ್‌ಪೂ ಸಿಕ್ಕಿಸಿ ಪೂಜೆ ಮಾಡುತ್ತೇವೆ. ಗುರಿಯಿಡಲು ತೆಂಗಿನಕಾಯಿ, ಪಂದಿಕರಿಗೆ ಫಾರಂ ಹಂದಿ. ಎರಡೂ ತಿರುಗಿಬೀಳುವ ಜಾತಿಯವಲ್ಲ.