ಹಿಮದಲ್ಲಿ ಒಂದು ಗೇಣು ಮುಂದೆ ಹೋಗದ ಮಗುವಿನ ತಳ್ಳುಗಾಡಿಗೆ ‘ಎಲ್ಲಾ ಕಾಲಕ್ಕೂ’ ಅಂತ ಹೆಸರಂತೆ!

ರಸ್ತೆಯಲ್ಲಿ ಬಿದ್ದುಹೋದ ಮಗುವಿನ ಎಡಗೈ ಗ್ಲೌಸ್ ಸಿಗಲೇ ಇಲ್ಲ. ಸಂಜೆ ಮನೆಯವರು ಟಾರ್ಚ್ ಹಿಡಿದುಕೊಂಡು ಹೋಗಿ ಹುಡುಕಿ ಬಂದರು. ಅಷ್ಟರಲ್ಲಿ ಹಿಮ ತಳ್ಳುವ ಲಾರಿ ಇನ್ನೊಂದು ಸುತ್ತು ಬಂದು ಹೋಗಿತ್ತಂತೆ. ಇನ್ನೆಲ್ಲಿ ಸಿಗಬೇಕು?

ಗ್ಲೌಸ್ ಹೋದರೆ ಹೋಗಲಿ. ನನಗೆ ನಿದ್ದೆ ಬರುತ್ತಿಲ್ಲ. ಕಣ್ಣು ಮುಚ್ಚಿದರೆ ಆ ಸಿಗ್ನಲ್, ಆ ಹಾರ್ನ್, ಆಮೇಲೆ ಆ ಬೂದು ಕೋಟಿನವರು ಹೇಳಿದ ಮಾತು. ಅದು ಬೈಗುಳ ಕೂಡ ಅಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ನಾನೂ ತಿರುಗಿಸಿ ಎರಡು ಮಾತು ಆಡುತ್ತಿದ್ದೆ. ಅಲ್ಲಿಗೆ ಮುಗಿಯುತ್ತಿತ್ತು.

ಫುಟ್‌ಪಾತ್ ಮೇಲೆ ಏನೂ ತೊಂದರೆ ಇರಲಿಲ್ಲ. ಯಾರೋ ಪುಣ್ಯಾತ್ಮರು ಬೆಳಿಗ್ಗೆಯೇ ಹಿಮ ಎಳೆದು ದಾರಿ ಮಾಡಿದ್ದರು. ರಸ್ತೆಗೆ ಇಳಿದೆ. ನಡುವಿನವರೆಗೂ ಸಲೀಸಾಗಿ ಬಂತು. ಆಚೆ ಅಂಚಿನಲ್ಲಿ ಇತ್ತು ನೋಡಿ, ಲಾರಿ ತಳ್ಳಿ ಬಿಟ್ಟುಹೋದ ದಿಣ್ಣೆ. ಮೊಣಕಾಲಿಗಿಂತ ಕೆಳಗೇ. ಮೇಲೆ ಗಟ್ಟಿ ಹೆಪ್ಪು, ಒಳಗೆ ಬೂದು ಬಣ್ಣದ ಕೆಸರು. ನಾನು ಬೂಟಿನಲ್ಲಿ ಒಂದೇ ಹೆಜ್ಜೆಗೆ ದಾಟಿಬಿಡಬಹುದಿತ್ತು. ಗಾಡಿ ದಾಟಲಿಲ್ಲ.

ಮುಂದಿನ ಚಕ್ರ ಹೋಗಿ ದಿಣ್ಣೆಗೆ ಬಡಿಯಿತು. ಬಡಿದದ್ದೇ ಅಡ್ಡ ತಿರುಗಿ ಒಳಗೆ ಹೂತುಕೊಂಡಿತು. ತಳ್ಳಿದೆ. ಗಾಡಿ ಮುಂದೆ ಹೋಗುವ ಬದಲು ಹಿಂದಿನಿಂದ ಮೇಲೆದ್ದಿತು. ಹ್ಯಾಂಡಲ್ ನನ್ನ ಎದೆವರೆಗೆ ಬಂತು. ಮಗು ಮುಂದಕ್ಕೆ ವಾಲಿತು. ಬೆಲ್ಟ್ ಹಾಕಿದ್ದೆ. ಆದರೂ ಅವಳು ನಾಲ್ಕು ಬೆರಳಷ್ಟು ಜಾರಿದಳು. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ, ಅದಕ್ಕೆ ಬೇರೆಯೇ ಸಿಟ್ಟಿದೆ. ಹಿಂದಕ್ಕೆ ಎಳೆದೆ. ಬರಲಿಲ್ಲ. ಅಷ್ಟರಲ್ಲಿ ಸಿಗ್ನಲ್ ಬದಲಾಯಿತು. ಒಂದು ಕಾರು ಹಾರ್ನ್ ಹೊಡೆಯಿತು. ಅದರ ಹಿಂದಿನದು ಇನ್ನೂ ಜೋರಾಗಿ ಹೊಡೆಯಿತು. ಮಗು ಅಳೋಕೆ ಶುರು ಮಾಡಿದಳು. ನಾನು ಬಗ್ಗಿ, ಬರಿಗೈಯಲ್ಲಿ ಚಕ್ರದ ಸುತ್ತ ಹಿಮ ಕೆರೆಯುತ್ತಾ ಕೂತೆ. ನಡುರಸ್ತೆಯಲ್ಲಿ. ಕುಕ್ಕರಗಾಲಲ್ಲಿ. ಎಷ್ಟು ಜನ ನೋಡುತ್ತಿದ್ದರೋ ಗೊತ್ತಿಲ್ಲ, ತಲೆ ಎತ್ತೋಕೆ ಧೈರ್ಯ ಬರಲಿಲ್ಲ.

ಆಗ ಆ ಬೂದು ಕೋಟಿನವರು ಬಂದರು. ಕೇಳಲಿಲ್ಲ, ಹೇಳಲಿಲ್ಲ. ಮುಂದಿನ ಕಂಬಿ ಹಿಡಿದು ಎತ್ತಿದರು. ನಾನು ಹ್ಯಾಂಡಲ್ ಹಿಡಿದೆ. ಪಲ್ಲಕ್ಕಿ ಹೊತ್ತ ಹಾಗೆ ಇಬ್ಬರೂ ಆಚೆ ದಾಟಿಸಿದೆವು. ಗಾಡಿ ಕೆಳಗಿಟ್ಟರು. ಬಗ್ಗಿ ಚಕ್ರ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ನಿಧಾನಕ್ಕೆ, ತಿಳಿಹೇಳುವ ದನಿಯಲ್ಲಿ ಅಂದರು: ‘ಈ ಗಾಡಿ ಇದಕ್ಕಲ್ಲ. ಇಂಥ ದಿನ ಮಗೂನ ಹೊರಗೆ ತರಲೇಬೇಕಿತ್ತಾ?’

ನಾನು ಏನಂದೆ ಗೊತ್ತಾ? ಥ್ಯಾಂಕ್ಸ್ ಅಂದೆ. ಎರಡು ಸಲ.

ಆಸ್ಪತ್ರೆಗೆ ಹೋಗುತ್ತಿದ್ದೇನೆ, ಮಗು ಕಿವಿ ನೋವಿಗೆ ಮೂರು ರಾತ್ರಿಯಿಂದ ಮಲಗಿಲ್ಲ, ಸುಮ್ನೆ ಸುತ್ತಾಡೋಕೆ ಬಂದಿಲ್ಲ ಅಂತ ಹೇಳಬಹುದಿತ್ತು. ಬಾಯಿಂದ ಬರಲೇ ಇಲ್ಲ. ಅವರು ಸಹಾಯ ಮಾಡಿದ್ದಾರೆ, ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ತಪ್ಪು. ಗೊತ್ತು. ಆದರೂ ಸಿಟ್ಟಿದೆ. ಮೂಗಿನ ತುದಿಯಲ್ಲೇ ಇದೆ. ತಂದೆ ತಾಯಿ ಇಂಥ ದಿನ ಆಸೆಪಟ್ಟು ಮಗೂನ ಹೊರಗೆ ತರುತ್ತಾರೆ ಅಂದುಕೊಂಡಿದ್ದಾರಾ ಜನ?

ಈ ಗಾಡಿ ಕೊಂಡಾಗ ನನಗೆ ಎಂಟು ತಿಂಗಳು. ಬೇಸಿಗೆ. ಅಂಗಡಿಯ ಹುಡುಗ ಮಿರಮಿರ ಮಿಂಚುವ ನೆಲದ ಮೇಲೆ ಒಂದೇ ಬೆರಳಲ್ಲಿ ತಳ್ಳಿ ತೋರಿಸಿದ. ಗಿರ್ರನೆ ಒಂದು ಸುತ್ತು ತಿರುಗಿಸಿದ. ಒಂದೇ ಕೈಯಲ್ಲಿ ಮಡಚಿದ. ಬಾಟಲಿ ಇಡೋ ಜಾಗ ತೋರಿಸಿದ. ‘ಹಿಮ ಬೀಳುವಾಗಲೂ ಆಗತ್ತಾ?’ ಅಂತ ನಾನು ಕೇಳಿದ್ದೆ. ಇದು ನನಗೆ ಚೆನ್ನಾಗಿ ನೆನಪಿದೆ, ಕೇಳಿದ್ದೆ. ‘ಎಲ್ಲಾ ಕಾಲಕ್ಕೂ ಆಗತ್ತೆ’ ಅಂದ. ಡಬ್ಬದ ಮೇಲೂ ಹಾಗೇ ಬರೆದಿತ್ತು. ಒಬ್ಬರಾದರೂ ಚಕ್ರದ ಬಗ್ಗೆ ಬಾಯಿ ಬಿಡಲಿಲ್ಲ. ಬಟ್ಟೆ ಬಣ್ಣ ಆರಿಸೋಕೆ ನಾನು ಅರ್ಧ ಗಂಟೆ ತಗೊಂಡೆ, ಅದಕ್ಕೂ ಯಾರೂ ಬೇಡ ಅನ್ನಲಿಲ್ಲ.

ಇವತ್ತು ರಾತ್ರಿ ಗಾಡಿಯನ್ನು ತಲೆಕೆಳಗು ಮಾಡಿ ನೋಡಿದೆ. ಮುಂದಿನ ಚಕ್ರ ನನ್ನ ಅಂಗೈಯಷ್ಟಿದೆ. ಗಟ್ಟಿ ಫೋಮ್. ಎಡಕ್ಕೆ ಒಂದು ಜೋಡಿ, ಬಲಕ್ಕೆ ಒಂದು ಜೋಡಿ. ಜೋಡಿಯ ನಡುವೆ ಒಂದು ಬೆರಳು ಹಿಡಿಸುವಷ್ಟು ಸಂದು. ಆ ಸಂದಿನಲ್ಲಿ ಹಿಮ ಕೂತು ಕಲ್ಲಾಗಿದೆ. ಚಮಚದಲ್ಲಿ ಕೆತ್ತಿ ತೆಗೆದೆ. ಅಲ್ಲಿ ಹಿಮ ತುಂಬಿಕೊಂಡರೆ ಚಕ್ರ ಉರುಳುವುದೇ ಇಲ್ಲ, ಗಾಡಿಯನ್ನು ಎಳೆದಾಡಬೇಕು ಅಷ್ಟೇ. ಚಿಕ್ಕ ಚಕ್ರಕ್ಕೆ ಸ್ವಲ್ಪ ಎತ್ತರ ಸಿಕ್ಕರೂ ಅದು ಗೋಡೆ ಇದ್ದಂತೆ. ದೊಡ್ಡ ಚಕ್ರ ಅದೇ ಎತ್ತರವನ್ನು ಹತ್ತಿ ಇಳಿಯುತ್ತದೆ. ಅಗಲವಿದ್ದರೆ ಭಾರ ಹರಡಿ ಅಷ್ಟಾಗಿ ಹೂತುಕೊಳ್ಳುವುದಿಲ್ಲ. ಸೈಕಲ್ ಹೊಡೆದವರಿಗೆಲ್ಲ ಗೊತ್ತಿರುವ ವಿಷಯ ಇದು. ನನಗೂ ಗೊತ್ತಿತ್ತು! ಅಂಗಡಿಯಲ್ಲಿ ಯಾಕೆ ಹೊಳೆಯಲಿಲ್ಲ?

ಅಲ್ಲೇ ಚಕ್ರದ ಮೇಲೆ ಒಂದು ಚಿಕ್ಕ ಕಪ್ಪು ಗುಂಡಿ ಕಂಡಿತು. ಒತ್ತಿದೆ. ಟಕ್ ಅಂತು. ಚಕ್ರ ಅಡ್ಡ ತಿರುಗುವುದು ನಿಂತು ನೇರ ನಿಂತಿತು. ಇಷ್ಟು ತಿಂಗಳಿಂದ ಇದು ಇಲ್ಲೇ ಇತ್ತು. ಗಿರ್ರನೆ ತಿರುಗಿಸಿ ತೋರಿಸಿದ ಆ ಹುಡುಗ ಇದನ್ನು ಯಾಕೆ ತೋರಿಸಲಿಲ್ಲ? ತಿರುಗುವುದು ಮಾರೋಕೆ, ನೇರ ನಿಲ್ಲುವುದು ಹಿಮಕ್ಕೆ. ಇದನ್ನು ಒತ್ತಿದ್ದರೆ ಇವತ್ತು ದಾಟುತ್ತಿದ್ದೆನಾ? ಬಹುಶಃ ಇಲ್ಲ, ಅಷ್ಟು ಸಣ್ಣ ಚಕ್ರಕ್ಕೆ ಆ ದಿಣ್ಣೆ ಜಾಸ್ತಿಯೇ. ಆದರೆ ಅಡ್ಡ ತಿರುಗಿ ಹೂತುಕೊಳ್ಳುತ್ತಿರಲಿಲ್ಲ ಅಲ್ವಾ?

ಈಗ ಆ ಬೆಲ್ಟಿನ ವಿಷಯ. ಚಳಿ ಅಂತ ಮಗುವಿಗೆ ಉಬ್ಬಿದ ದಪ್ಪ ಜಾಕೆಟ್ ಹಾಕಿ, ಅದರ ಮೇಲೆ ಬೆಲ್ಟ್ ಬಿಗಿದಿದ್ದೆ. ಬಿಗಿಯಾಗಿದೆ ಅಂದುಕೊಂಡೆ. ಮಗು ಮುಂದೆ ವಾಲಿದಾಗ ಒಳಗಿನ ಗಾಳಿಯೆಲ್ಲ ಅಮುಕಿಹೋಗಿ ಬೆಲ್ಟ್ ಸಡಿಲ ಬಿತ್ತು. ತೆಳು ಬಟ್ಟೆ ಮೇಲೆ ಬೆಲ್ಟ್ ಹಾಕಿ, ಬೆನ್ನಿಗೆ ಸೀಳು ಇರುವ ಉಣ್ಣೆ ಚೀಲದೊಳಗೆ ಕೂರಿಸಬೇಕಂತೆ. ಬೆಲ್ಟ್ ಆ ಸೀಳಿನಿಂದ ಹಾದು ಮೈಗೇ ಅಂಟಿಕೊಂಡಿರುತ್ತೆ. ಕಾರಿನ ಸೀಟಿಗೆ ದಪ್ಪ ಜಾಕೆಟ್ ಬೇಡ ಅಂತ ಕೇಳಿದ್ದೆ. ಕಾರಿಗೆ ಮಾತ್ರ ಅಂದುಕೊಂಡಿದ್ದೆ. ಆ ನಾಲ್ಕು ಬೆರಳು ನೆನೆಸಿಕೊಂಡರೆ ಈಗಲೂ ಹೊಟ್ಟೆಯೊಳಗೆ ಏನೋ ತಿರುಚಿದ ಹಾಗಾಗುತ್ತದೆ.

ಮನೆಗೆ ಬಂದ ಮೇಲೆ ಒಬ್ಬೊಬ್ಬರದು ಒಂದೊಂದು ಉಪದೇಶ. ಫೋನಿನಲ್ಲಿ ಒಬ್ಬರು, ಕಂಬಳಿಯಲ್ಲಿ ಪೂರ್ತಿ ಮುಚ್ಚಿಬಿಡು ಅಂದರು. ಮುಚ್ಚಿದರೆ ಉಸಿರಾಡೋಕೆ ಗಾಳಿ ಎಲ್ಲಿಂದ ಬರಬೇಕು? ಮಳೆಗೆ ಹಾಕುವ ಪ್ಲಾಸ್ಟಿಕ್ಕಿಗೂ ಗಾಳಿ ಕಿಂಡಿ ಇರಲೇಬೇಕು. ಕೈ ತಣ್ಣಗಿದೆ ಅಂತ ಇನ್ನೊಬ್ಬರು ಗಾಬರಿ ಮಾಡಿದರು. ಕೈ ಅಲ್ಲ, ಕತ್ತಿನ ಹಿಂಭಾಗ ಮುಟ್ಟಿ ನೋಡಬೇಕು, ಅಲ್ಲಿ ಬೆಚ್ಚಗಿತ್ತು. ಮತ್ತೊಬ್ಬರು, ಎದೆಗೆ ಕಟ್ಟಿಕೊಂಡು ಹೋಗು ಅಂದರು. ಹಿಮ ಕರಗಿ ಮತ್ತೆ ಗಟ್ಟಿಯಾದ ನೆಲದ ಮೇಲೆ ನಾನು ಜಾರಿ ಮುಂದಕ್ಕೆ ಬಿದ್ದರೆ ಕೆಳಗೆ ಯಾರಿರುತ್ತಾರೆ? ಅದಕ್ಕೆ ಯಾರ ಹತ್ತಿರವೂ ಮಾತಿಲ್ಲ.

ಅಂಗಡಿಗೆ ಫೋನ್ ಮಾಡಿದೆ. ಚಕ್ರದ ಒಳಗೆ ತುಕ್ಕು ಹಿಡಿದು ಕಿರ್ ಕಿರ್ ಅನ್ನುತ್ತಿದೆ ಅಂದೆ. ರಸ್ತೆಗೆ ಹಾಕುವ ಉಪ್ಪಿನಿಂದ ಆದ ತುಕ್ಕು ವಾರಂಟಿಯಲ್ಲಿ ಬರುವುದಿಲ್ಲ ಅಂದರು. ಪ್ರತಿ ಸಲ ಬಂದ ಮೇಲೆ ಬೆಚ್ಚಗಿನ ನೀರಲ್ಲಿ ತೊಳೆದು ಒರೆಸಬೇಕಿತ್ತಂತೆ. ‘ಎಲ್ಲಾ ಕಾಲಕ್ಕೂ’ ಅಂತ ಬರೆದಿದ್ದೀರಲ್ಲ ಅಂದೆ. ಅದು ಬಟ್ಟೆಗೆ ಅಂದರು. ಬಟ್ಟೆಗೆ! ಬಟ್ಟೆ ಉರುಳಿಕೊಂಡು ಹೋಗುತ್ತದಾ?

ಹೋಗಲಿ, ಗಾಳಿ ತುಂಬುವ ದೊಡ್ಡ ಚಕ್ರದ್ದೇ ತಗೊಳ್ಳೋಣ ಅಂತ ಕೂತು ನೋಡಿದೆ. ಮೂರು ಚಕ್ರ, ಮೂವತ್ತು ಸೆಂಟಿಮೀಟರಿಗೂ ದೊಡ್ಡದು, ಹ್ಯಾಂಡಲಿನಲ್ಲೇ ಬ್ರೇಕು. ಕಣ್ಣು ತುಂಬಿ ಬಂತು. ಆಮೇಲೆ ತೂಕ ನೋಡಿದೆ. ಹದಿಮೂರು ಕಿಲೋ, ಮಗು ಬಿಟ್ಟು. ನಮ್ಮದು ಲಿಫ್ಟ್ ಇಲ್ಲದ ಎರಡನೇ ಮಹಡಿ. ಹೊಟ್ಟೆಯ ಹೊಲಿಗೆ ಇನ್ನೂ ಸೆಳೆಯುತ್ತದೆ. ಚಳಿ ಜಾಸ್ತಿಯಾದಂತೆ ಟೈರಿನ ಗಾಳಿ ಇಳಿಯುತ್ತದೆ, ಅದಕ್ಕೆ ಪಂಪು ಬೇರೆ ಇಟ್ಟುಕೊಳ್ಳಬೇಕು. ಪಂಕ್ಚರ್ ಆಗಬಹುದು. ಹಿಮದಲ್ಲಿ ಹೋಗುವುದನ್ನು ನಾನು ಎತ್ತಲಾರೆ. ನಾನು ಎತ್ತಬಲ್ಲದ್ದು ಹಿಮದಲ್ಲಿ ಹೋಗುವುದಿಲ್ಲ. ಚಳಿಗಾಲ ಮುಗಿಯುವವರೆಗೆ ಬಾಗಿಲು ಹಾಕಿಕೊಂಡು ಮನೆಯಲ್ಲೇ ಕೂತುಬಿಡೋಣ ಅನ್ನಿಸಿತು. ಇಲ್ಲ, ಯಾಕೆ ಕೂರಬೇಕು? ನನ್ನ ಮಗು ಯಾಕೆ ತಿಂಗಳುಗಟ್ಟಲೆ ಗೋಡೆ ನೋಡಿಕೊಂಡಿರಬೇಕು?

ದಯವಿಟ್ಟು ಯಾರಾದರೂ ಉತ್ತರ ಕೊಡಿ. ಮೆಟ್ಟಿಲು ಇರುವ ಮನೆಯಲ್ಲಿ ಇದ್ದು, ಹಿಮದಲ್ಲಿ ಮಗೂನ ತಳ್ಳಿಕೊಂಡು ಹೋಗುವವರು ಏನು ಮಾಡುತ್ತೀರಿ? ಗಾಡಿಯನ್ನು ಕೆಳಗೇ ಬೀಗ ಹಾಕಿ ಇಡುತ್ತೀರಾ? ಹಿಮದ ಮೇಲೆ ಜಾರಲಿ ಅಂತ ಚಕ್ರದ ಕೆಳಗೆ ಕಟ್ಟುವ ಹಿಮಹಲಗೆ (ಸ್ಕೀ) ನಿಜವಾಗಿ ಕೆಲಸ ಮಾಡುತ್ತದಾ, ಅರ್ಧ ದಾರಿ ಬರಿ ಡಾಂಬರು ಇದ್ದರೆ ಅದನ್ನು ಏನು ಮಾಡುವುದು? ದಪ್ಪ ಬೂಟು ಹಾಕಿಕೊಂಡು ಕಾಲಿನ ಬ್ರೇಕ್ ಬಿಡಿಸೋಕೆ ಆಗುತ್ತದಾ? ಅಂಗಡಿಯವರೂ ಉತ್ತರ ಕೊಡಲಿ. ಒಂದು ಮೂಲೆಯಲ್ಲಿ ಎರಡು ಮೂಟೆ ಮರಳು ಸುರಿದು, ಇದರ ಮೇಲೆ ತಳ್ಳಿ ನೋಡಿ ಅಂತ ಹೇಳೋಕೆ ಏನು ಕಷ್ಟ? ಹತ್ತು ಹೆಜ್ಜೆಯಲ್ಲಿ ಗೊತ್ತಾಗಿಬಿಡುತ್ತಿತ್ತು ನನಗೆ.

ನಾಳೆ ಮತ್ತೆ ಹೋಗಬೇಕು. ಹತ್ತೂವರೆಗೆ. ಇವತ್ತು ತಡವಾಗಿ ಹೋದದ್ದಕ್ಕೆ ಡಾಕ್ಟರು ಸಿಗಲಿಲ್ಲ. ರಾತ್ರಿಯಿಡೀ ಹಿಮ ಬೀಳುತ್ತದಂತೆ. ಮುಂದಿನ ಚಕ್ರದ ಗುಂಡಿ ಒತ್ತಿ ಇಟ್ಟಿದ್ದೇನೆ. ದಿಣ್ಣೆ ಬಂದರೆ ಗಾಡಿ ತಿರುಗಿಸಿ ಹಿಂದಿನ ಚಕ್ರದ ಮೇಲೆ ಎಳೆದುಕೊಂಡು ಹೋಗುತ್ತೇನೆ, ಹಿಂದಿನದು ಸ್ವಲ್ಪ ದೊಡ್ಡದಿದೆ. ದಪ್ಪ ಜಾಕೆಟ್ ಬೇಡ, ಸ್ವೆಟರ್ ಮೇಲೆ ಬೆಲ್ಟ್, ಬೆಲ್ಟಿನ ಮೇಲೆ ಎರಡು ಕಂಬಳಿ, ಮುಖ ಬಿಟ್ಟು. ಎಡಗೈಗೆ ಅವಳ ಉಣ್ಣೆ ಕಾಲುಚೀಲವನ್ನೇ ಹಾಕುತ್ತೇನೆ.