ನೀಟ್ ತಪ್ಪಿದವರ ದಾರಿಯಲ್ಲ

ಡಯಾಲಿಸಿಸ್‌ನಂಥ ಚಿಕಿತ್ಸೆಗಳಿಗೆ ತಂತ್ರಜ್ಞರನ್ನು ಸಿದ್ಧಪಡಿಸುವ ಅಲೈಡ್ ಹೆಲ್ತ್ ಕೋರ್ಸುಗಳ ಬಗ್ಗೆ ಬಂದ ಲೇಖನವೊಂದು, ಅವು ‘ನೀಟ್‌ನಲ್ಲಿ ಸೀಟು ಸಿಗದವರಿಗೆ ಉಳಿದ ದಾರಿ’ ಎಂದಿದೆ. ಲೇಖಕರ ಈ ಮಾತನ್ನು, 11 ವರ್ಷಗಳಿಂದ ಡಯಾಲಿಸಿಸ್ ಟೆಕ್ನೀಷಿಯನ್ ಆಗಿರುವ ನಾನು ಒಪ್ಪಲಾರೆ. ರೋಗಿಯ ತೋಳಿನ ಫಿಸ್ಟುಲಾದ (ಡಯಾಲಿಸಿಸ್‌ಗಾಗಿ ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿದ ಜಾಗ) ಮೇಲೆ ಬೆರಳಿಟ್ಟು, ಝುಮ್ಮೆನ್ನುವ ಕಂಪನವನ್ನು ಖಚಿತಪಡಿಸಿಕೊಂಡು ಸೂಜಿ ಚುಚ್ಚುವವರೂ, ಸುಮಾರು 4 ಗಂಟೆಯ ಡಯಾಲಿಸಿಸ್ ನಡುವೆ ರಕ್ತದೊತ್ತಡ ಕುಸಿದು ರೋಗಿ ಬೆವರತೊಡಗಿದರೆ ಮೊದಲು ಗಮನಿಸಿ, ಕಾಲುಗಳನ್ನು ಎತ್ತರಿಸಿ, ವೈದ್ಯರನ್ನು ಕರೆಯುವವರೂ ನಾವೇ. ವಾರಕ್ಕೆ ಎರಡು ಮೂರು ಬಾರಿಯಂತೆ ವರ್ಷಗಟ್ಟಲೆ ಬರುವ ಆ ರೋಗಿಗೆ ನಮ್ಮ ಮುಖ ಮನೆಯವರ ಮುಖದಷ್ಟೇ ಪರಿಚಿತ.

ಎಂಬಿಬಿಎಸ್‌ಗೆ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್‌ಗೆ 1 ವರ್ಷ, ಎಂಡಿಗೆ ಮತ್ತೆ 3 ವರ್ಷ ಎಂಬ ಲೆಕ್ಕವನ್ನು ಲೇಖನ ಸರಿಯಾಗಿಯೇ ಕೊಟ್ಟಿದೆಯಾದರೂ, ನೀಟ್‌ಗಾಗಿ ಕೋಚಿಂಗ್ ಸೆಂಟರುಗಳಲ್ಲಿ ‘ರಿಪೀಟರ್’ ಆಗಿ ಕಳೆದುಹೋಗುವ ವರ್ಷಗಳನ್ನು ಅದರಲ್ಲಿ ಸೇರಿಸಿಲ್ಲ. ನಮ್ಮ ಸಂಬಳ ಕಡಿಮೆ ಎಂಬುದರಲ್ಲಿ ನನ್ನ ತಕರಾರಿಲ್ಲ. ಖಾಸಗಿ ಕೇಂದ್ರಗಳಲ್ಲಂತೂ ಹೇಳಿಕೊಳ್ಳುವಂತಿಲ್ಲ. ಆದರೆ ಈ ಕೋರ್ಸಿಗೆ ಸೇರುವ ಮುನ್ನ ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ, ಅಲ್ಲಿ ಎಷ್ಟು ಡಯಾಲಿಸಿಸ್ ಯಂತ್ರಗಳು ನಡೆಯುತ್ತಿವೆ ಎಂಬುದನ್ನು ಕಣ್ಣಾರೆ ನೋಡಿಬನ್ನಿ ಎಂಬ ಒಂದು ಸಾಲಾದರೂ ಲೇಖನದಲ್ಲಿ ಇರಬೇಕಿತ್ತು. ನಾನು ಓದಿದಲ್ಲಿ ಇದ್ದುದು ಎರಡೇ ಯಂತ್ರ, ಅದರಲ್ಲೊಂದು ಕೆಟ್ಟು ನಿಂತಿತ್ತು.