ಹಸೆಗೋಡೆಗೆ ಯಾಕೆ ಹೆಸರಿಲ್ಲ?

ಹಸೆಗೋಡೆ ಅಂದರೆ ಶಿರಸಿ ಕಡೆ ಹೆಂಗಸರು ಮದುವೆಗೆ ಚಿತ್ತಾರ ಬರೆಯುವ ಗೋಡೆ. ಅದರ ಮಾತಿಗೆ ಮೊದಲು ಮುಂಬೈಗೆ ಹೋಗಿ ಬರೋಣ. ಅಲ್ಲಿನ ಕಾಲಾ ಘೋಡಾದಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿ ಇದೆ. 1952ರಲ್ಲಿ ಶುರುವಾದದ್ದು. ಒಳಗೆ ಹೋಗಲು ಟಿಕೆಟ್ ಇಲ್ಲ. ಆದರೂ ಆಸುಪಾಸಿನಲ್ಲಿ ಚಹಾ ಮಾರುವವರು, ಟ್ಯಾಕ್ಸಿ ಓಡಿಸುವವರು ಒಳಗೆ ಕಾಣುವುದು ಅಪರೂಪ. ಹೊರಗಿನ ಫುಟ್‌ಪಾತಿನಲ್ಲೂ ಚಿತ್ರಕಾರರು ತಮ್ಮ ಚಿತ್ರಗಳನ್ನು ಇಟ್ಟುಕೊಂಡು ಕೂತಿರುತ್ತಾರೆ. ಅವರ ಹತ್ತಿರ ಜನ ಚೌಕಾಸಿ ಮಾಡುತ್ತಾರೆ. ಅದೇ ಜನ ಒಳಗಿನ ಚಿತ್ರದ ಮುಂದೆ ದನಿ ತಗ್ಗಿಸುತ್ತಾರೆ, ರೇಟು ಕೇಳಲೂ ಹಿಂಜರಿಯುತ್ತಾರೆ. ಇಷ್ಟವಾಗಲಿಲ್ಲ ಎಂದು ಬಾಯಿಬಿಟ್ಟು ಹೇಳುವವರನ್ನು ನಾನು ಅಲ್ಲಿ ನೋಡಿಲ್ಲ. ಹೇಳಿದರೆ ತನಗೆ ಗೊತ್ತಾಗುವುದಿಲ್ಲ ಅಂದುಕೊಂಡಾರು ಎಂಬ ಭಯ.

ನಾನು ಶಿರಸಿ ಕಡೆಯವನು. ನಮ್ಮಲ್ಲಿ ಯಕ್ಷಗಾನದ ಆಟ ನೋಡುವವರಿಗೆ ಈ ಭಯ ಇಲ್ಲ. ಅಡಿಕೆ ತೋಟದ ಒಡೆಯನೂ ಕೊನೆ ಕೊಯ್ಯುವವನೂ ನೋಡುವುದು ಒಂದೇ ಆಟ. ಮುಂದೆ ಕುರ್ಚಿ, ಹಿಂದೆ ನೆಲ, ಆ ಭೇದ ಇದ್ದೇ ಇದೆ. ಆದರೆ ಮಾರನೇ ದಿನ ಅಂಗಡಿ ಕಟ್ಟೆಯಲ್ಲಿ ಭಾಗವತರ ಪದ್ಯ ಹೇಗಿತ್ತು, ಕೌರವನ ಕುಣಿತ ಎಲ್ಲಿ ಸೋತಿತು ಎಂದು ಹೇಳಲು ನೆಲದ ಮೇಲೆ ಕೂತವನೂ ಅಂಜುವುದಿಲ್ಲ. ಅವನ ಮಾತಿಗೆ ಬೆಲೆಯೂ ಇದೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ಪದ್ಮಶ್ರೀ ಬಂದದ್ದು 2012ರಲ್ಲಿ. ಅವರ ಭಸ್ಮಾಸುರ, ಕೀಚಕ ಎಂಥದ್ದು ಎಂದು ಹೊನ್ನಾವರ, ಕುಮಟಾ, ಸಿದ್ದಾಪುರದ ಜನ ಅದಕ್ಕಿಂತ ಎಷ್ಟೋ ಮೊದಲೇ ತೀರ್ಮಾನ ಮಾಡಿ ಆಗಿತ್ತು.

ಅಭಿರುಚಿ ಅನ್ನುವುದು ಹುಟ್ಟಿನಿಂದ ಬರುವ ಗುಣವಲ್ಲ, ಬೆಳೆದ ಮನೆ, ಓದಿದ ಶಾಲೆ ಅದನ್ನು ರೂಪಿಸುತ್ತವೆ ಎಂದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯೆರ್ ಬೋರ್ದ್ಯೂ ಹೇಳಿದ್ದರು. 1960ರ ದಶಕದಲ್ಲಿ ಅಲ್ಲಿನ ಜನರನ್ನು ಕೇಳಿ ನೋಡಿದ ಮೇಲೆ ಬಂದ ಮಾತು ಅದು. ನನಗೆ ಇದು ನಿಜ ಅನಿಸುತ್ತದೆ. ಬೆಲೆಯೂ ಹೀಗೆಯೇ, ಸುತ್ತಲಿನವರಿಂದ ಬರುತ್ತದೆ. ಎಂ. ಎಫ್. ಹುಸೇನ್ 1954ರಲ್ಲಿ ಹಳ್ಳಿ ಬದುಕಿನ ಒಂದು ದೊಡ್ಡ ಚಿತ್ರ ಬರೆದರು. ಅದು ದಶಕಗಳ ಕಾಲ ನಾರ್ವೆಯ ಓಸ್ಲೋದ ಒಂದು ಆಸ್ಪತ್ರೆಯಲ್ಲಿತ್ತು. 2025ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 118 ಕೋಟಿ ರೂಪಾಯಿಗೆ ಹೋಯಿತು. ಆಸ್ಪತ್ರೆಯ ಗೋಡೆಯಲ್ಲಿದ್ದಾಗಲೂ ಚಿತ್ರ ಅದೇ, ಬಣ್ಣ ಅದೇ. ಹುಸೇನ್ ದೊಡ್ಡ ಕಲಾವಿದರು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ಅಂಕಿಯಲ್ಲಿ ಚಿತ್ರದ ಪಾಲು ಎಷ್ಟು, ಕೊಳ್ಳಲು ಸೇರಿದ ಮಂದಿಯ ಪಾಲು ಎಷ್ಟು?

ಇಷ್ಟು ಕೇಳಿದ ಮೇಲೆ ನಮ್ಮ ಊರನ್ನೂ ಕೇಳಬೇಕಾಗುತ್ತದೆ. ಸಿದ್ದಾಪುರ, ಶಿರಸಿ, ಆಚೆ ಸಾಗರದ ದೀವರು ಎಂಬ ಸಮುದಾಯದವರ ಮನೆಗಳಲ್ಲಿ ಹೆಂಗಸರು ಮದುವೆಗೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರ್ಗಿ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಪಟ್ಟಿ ಹಿಡಿಯದೆ ಎಳೆದ ಗೆರೆ ಗೋಡೆಯುದ್ದಕ್ಕೂ ಒಂದೇ ದಪ್ಪದಲ್ಲಿ ಹೋಗುತ್ತದೆ. ಒಂದು ಎಳೆಗೂ ಇನ್ನೊಂದಕ್ಕೂ ನಡುವಿನ ಜಾಗ ಕೂಡ ಅಳತೆ ಮಾಡಿದಂತೆ. ಎಷ್ಟು ವರ್ಷದ ಕೈ ಬೇಕು ಅದಕ್ಕೆ! ಆದರೆ ಚಿಟ್ಟಾಣಿಯವರ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವ ನಮ್ಮ ಕಟ್ಟೆಯಲ್ಲಿ ಈ ಗೋಡೆಯ ಬಗ್ಗೆ ಒಂದು ಮಾತೂ ಕೇಳಿದ್ದಿಲ್ಲ. ಯಾರ ಎಳೆ ಚೆಂದ, ಯಾರದು ಹಳೇ ಕ್ರಮ, ಯಾರು ಹೊಸದು ತಂದರು ಅನ್ನುವುದು ಆ ಹೆಂಗಸರಿಗೇ ಗೊತ್ತು. ಹೊರಗಿನವರಿಗೆ ಅದು ‘ಅವರ ಜಾತಿಯ ವಾಡಿಕೆ’ ಅಷ್ಟೇ. ಗಂಡಸರ ಆಟಕ್ಕೆ ವಿಮರ್ಶೆ ಇದೆ, ಹೆಂಗಸರ ಗೋಡೆಗೆ ಇಲ್ಲ. ಇಲ್ಲಿ ನಾವು ಕಾಲಾ ಘೋಡಾದವರಿಗಿಂತ ಮೇಲಲ್ಲ.

ಮಹಾರಾಷ್ಟ್ರದ ವಾರ್ಲಿ ಚಿತ್ರವೂ ಹೀಗೇ ಇತ್ತು. ಅದೂ ಮದುವೆ ಮನೆಯ ಗೋಡೆ, ಅದೂ ಅಕ್ಕಿಯ ಬಿಳಿ, ಅದೂ ಹೆಂಗಸರದ್ದು. 1970ರ ದಶಕದಲ್ಲಿ ಜಿವ್ಯಾ ಸೋಮಾ ಮಾಶೆಯವರು ಅದನ್ನು ಕಾಗದಕ್ಕೆ ತಂದರು, ತಮ್ಮ ಹೆಸರಿನಲ್ಲೇ ಬರೆದರು, ಹೊರದೇಶಗಳಲ್ಲಿ ಪ್ರದರ್ಶನ ಮಾಡಿದರು. 2011ರಲ್ಲಿ ಪದ್ಮಶ್ರೀ ಬಂತು. ವಾರ್ಲಿಗೂ ಕಲಾವಿದ ಇರುತ್ತಾನೆ ಎಂದು ಪೇಟೆಯವರಿಗೆ ಅರ್ಥವಾದದ್ದು ಆಮೇಲೆ. ಆದರೂ ಇವತ್ತು ಮುಂಬೈಯಲ್ಲಿ ಸೀರೆ, ಚಹಾ ಕಪ್, ಕಾಂಪೌಂಡ್ ಗೋಡೆ ಎಲ್ಲ ಕಡೆ ವಾರ್ಲಿ ಕಾಣುತ್ತದೆ, ಹೆಚ್ಚಿನ ಕಡೆ ಬರೆದವರ ಹೆಸರಿಲ್ಲ. ಹೆಸರು ಮಾಡಿದವರಲ್ಲಿ ಮೊದಲಿಗರು ಗಂಡಸು ಅನ್ನುವುದೂ ನನ್ನನ್ನು ಕೊರೆಯುತ್ತದೆ. ನಮ್ಮ ಚಿತ್ತಾರ ಪೇಟೆಗೆ ಬರುವಾಗ ಹಾಗಾಗಬಾರದು.

ಬರುತ್ತಲೂ ಇದೆ. ಘಟ್ಟದ ಮೇಲೂ ಕರಾವಳಿಯಲ್ಲೂ ಹೋಮ್‌ಸ್ಟೇ, ರೆಸಾರ್ಟ್ ಜಾಸ್ತಿ ಆಗಿವೆ. ಕೆಮ್ಮಣ್ಣಿನ ಗೋಡೆ, ಬಿಳಿ ಎಳೆ ಈಗ ಫ್ಯಾಷನ್. ಮಾಲೀಕರಲ್ಲಿ ನನ್ನದು ಒಂದು ಕೇಳಿಕೆ. ಇಂಟರ್‌ನೆಟ್ಟಿನ ಚಿತ್ರ ತೋರಿಸಿ ಪೇಂಟರ್ ಕೈಯಲ್ಲಿ ಸುಮ್ನೆ ನಕಲು ಮಾಡಿಸಬೇಡಿ. ಬರೆಯಬಲ್ಲ ಹೆಂಗಸರು ಪಕ್ಕದ ಊರಲ್ಲೇ ಇದ್ದಾರೆ. ಅವರನ್ನು ಕರೆಸಿ. ದಿನಗೂಲಿ ಲೆಕ್ಕ ಹಾಕಬೇಡಿ, ರೇಟು ಅವರೇ ಹೇಳಲಿ. ಜಹಾಂಗೀರ್‌ನಲ್ಲಿ ಚೌಕಾಸಿ ಮಾಡದ ನಾವು ಅವರ ಹತ್ತಿರವೂ ಮಾಡಬಾರದು, ಅಲ್ವಾ? ಗೋಡೆಯ ಮೂಲೆಯಲ್ಲಿ ಅವರ ಹೆಸರು, ಊರು, ವರ್ಷ ಬರೆಸಿ. ಆ ಗೋಡೆಯ ಫೋಟೋ ನಿಮ್ಮ ಜಾಹೀರಾತಿಗೋ ಮೆನು ಕಾರ್ಡಿಗೋ ಹೋದರೆ ಅವರನ್ನು ಕೇಳಿ, ಅದಕ್ಕೆ ಬೇರೆಯೇ ದುಡ್ಡು ಕೊಡಿ.